ಅಕ್ಕನ ಹೆಗಲಿಗೆ ತಮ್ಮನ ಭಾರ



ಮುಂಗಾರು ಮಳೆಯ ಮೊದಲ ಹನಿಗಳು ಬೀಳುವ ಹೊತ್ತಿಗೆ ನಮ್ಮ ಬಸವನ ಬಾಗೇವಾಡಿಯ ಓಣಿಗಳಲ್ಲಿ ಹೊಸ ಪಾಟಿಚೀಲಗಳು ಕಾಣಿಸಿಕೊಳ್ಳುತ್ತವೆ. ಮುಂಜಾನೆ ಒಂಬತ್ತರ ಸುಮಾರಿಗೆ ಯಾವುದಾದರೊಂದು ಮನೆಯ ಕಟ್ಟೆಯ ಮೇಲಿಂದ ಎಳೆಯ ಕಂಠದ ಅಳು ಕೇಳಿಬರುತ್ತದೆ. ಅದನ್ನು ಕೇಳಿದವರು "ಸಾಲಿಗೆ ಹೊಸದಾಗಿ ಹೊಂಟಾನ" ಎಂದು ನಕ್ಕು ಮುಂದೆ ಸಾಗುತ್ತಾರೆ. ನಾವೂ ಹಲವು ವರ್ಷ ಹಾಗೆಯೇ ನಕ್ಕು ಮುಂದೆ ಸಾಗಿದವರು. ಆದರೆ ಆ ಅಳು ನಮ್ಮ ಮನೆಯ ಕಟ್ಟೆಯ ಮೇಲೆಯೇ ಕೇಳಿದಾಗ, ಅದರ ಅರ್ಥವನ್ನು ನಾವು ಹೊಸದಾಗಿ ಕಲಿಯಬೇಕಾಯಿತು. ಅಷ್ಟೇ ಅಲ್ಲ, ಅಳದೇ ಇದ್ದ ಇನ್ನೊಂದು ಮಗುವಿನ ಮೌನದ ಅರ್ಥವನ್ನೂ ಕಲಿಯಬೇಕಾಯಿತು. ಈ ತಿಂಗಳು ಆ ವಿಷಯವನ್ನೇ ವಾಚಕರೊಡನೆ ಹಂಚಿಕೊಳ್ಳಬೇಕೆಂದಿದ್ದೇವೆ.

ನಮ್ಮ ಮಗ ನೌಕರಿಗಾಗಿ ನಿತ್ಯವೂ 40 ಕಿಲೋಮೀಟರಿಗೂ ದೂರದ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗಿ ಬರುವವನು. ಸೊಸೆಗೆ ಸಮೀಪದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಶಿಕ್ಷಕಿಯ ಕೆಲಸ. ಮನೆಯಲ್ಲಿ ಉಳಿಯುವವರು ನಾವು ವೃದ್ಧ ದಂಪತಿಗಳಿಬ್ಬರೇ. ಮೊಮ್ಮಗಳಿಗೆ ಐದು ವರ್ಷ ತುಂಬಿ ಯು.ಕೆ.ಜಿ.ಗೆ ಬಂದಳು. ಅದೇ ವರ್ಷ ಮೊಮ್ಮಗನಿಗೆ ನಾಲ್ಕು ತುಂಬಿತು. ಅವನನ್ನೂ ಅದೇ ಶಾಲೆಯ ಎಲ್.ಕೆ.ಜಿ.ಗೆ ಸೇರಿಸಿದೆವು. ಹಿಂದಿನ ವರ್ಷ ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಮರಳುತ್ತಿದ್ದ ಹುಡುಗಿಗೂ ಈ ವರ್ಷ ದಿನವಿಡೀ ಶಾಲೆ. ಮುಂಜಾನೆ ಒಂಬತ್ತೂವರೆಗೆ ಹೋದರೆ ಸಂಜೆ ನಾಲ್ಕಕ್ಕೆ ಬಿಡುವು. ದೊಡ್ಡವರಾದ ನಮಗೆ ಆರೂವರೆ ತಾಸು ಎಂದರೆ ಒಂದು ಲೆಕ್ಕ. ತಾಸಿನ ಲೆಕ್ಕವೇ ತಿಳಿಯದ ಮಗುವಿಗೆ ಅದು ಮುಗಿಯದ ಕಾಲ.

ಇಬ್ಬರನ್ನೂ ಶಾಲೆಗೆ ಬಿಟ್ಟು ಬರುವ ಹೊಣೆ ನಮ್ಮದಾಯಿತು. ಮೊದಲ ದಿನ ತಮ್ಮ ನಮ್ಮ ಧೋತರದ ಚುಂಗನ್ನು ಹಿಡಿದು ಬಿಡಲೊಲ್ಲನು. ಆಗ ನಾವು ಹಿರಿಯರೆಲ್ಲ ತಲೆತಲಾಂತರದಿಂದ ಮಾಡುತ್ತ ಬಂದುದನ್ನೇ ಮಾಡಿದೆವು. "ನೀರು ಕುಡಿದು ಬರ್ತೀನಿ, ಇಲ್ಲೇ ಕೂತಿರು" ಎಂದು ಹೇಳಿ, ಅವನು ಗೊಂಬೆಯೊಂದರ ಕಡೆಗೆ ನೋಡುವಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಹೊರಬಿದ್ದೆವು. ಹೊರಡುವ ಮುನ್ನ ಮೊಮ್ಮಗಳನ್ನು ಕರೆದು ಮತ್ತೊಂದು ಮಾತನ್ನೂ ಹೇಳಿದೆವು: "ಅಕ್ಕನಾಗಮ್ಮ ತಮ್ಮನ ಕೈ ಬಿಡಲಿಲ್ಲ. ನೀನೂ ಬಿಡಬ್ಯಾಡವ್ವಾ. ಅವನ್ನ ನೀನ ನೋಡ್ಕೋಬೇಕು."

ಬಸವಣ್ಣನವರು ಹುಟ್ಟಿದ ಈ ಊರಿನಲ್ಲಿ ಅಕ್ಕತಮ್ಮಂದಿರ ವಾತ್ಸಲ್ಯಕ್ಕೆ ಬೇರೆ ಉದಾಹರಣೆಯನ್ನು ಹುಡುಕುವ ಅಗತ್ಯವೇ ಇಲ್ಲ. ತಮ್ಮನು ಮನೆ ಬಿಟ್ಟು ಕೂಡಲಸಂಗಮಕ್ಕೆ ಹೊರಟಾಗ ಅಕ್ಕನಾಗಮ್ಮನವರು ಅವನ ಬೆನ್ನಿಗೆ ನಿಂತರೆಂಬ ಕಥೆಯನ್ನು ನಾವೇ ಮಕ್ಕಳಿಗೆ ರಾತ್ರಿ ಊಟದ ನಂತರ ಎಷ್ಟೋ ಸಲ ಹೇಳಿದ್ದೆವು. ಹೀಗಾಗಿ ಆ ಮಾತು ನಮ್ಮ ಬಾಯಿಯಿಂದ ಸಹಜವಾಗಿಯೇ ಬಂದಿತು. ಹುಡುಗಿ ಗಂಭೀರವಾಗಿ ತಲೆಯಾಡಿಸಿದಳು. ನಾವು ಹಗುರಾದ ಮನಸ್ಸಿನಿಂದ ಮನೆಗೆ ಬಂದೆವು. ಒಂದೇ ಮುಂಜಾನೆ ಎರಡು ತಪ್ಪುಗಳನ್ನು ಮಾಡಿ ಬಂದಿದ್ದೇವೆಂಬ ಅರಿವು ಆಗ ನಮಗಿರಲಿಲ್ಲ.

ಮೊದಲನೆಯ ತಪ್ಪು ಎರಡೇ ದಿನಗಳಲ್ಲಿ ಬಯಲಿಗೆ ಬಂದಿತು. ಹುಡುಗ ಶಾಲೆಯಲ್ಲಿ ಅತ್ತನೆಂಬುದು ದೊಡ್ಡ ಮಾತಲ್ಲ. ಆದರೆ ಮನೆಯಲ್ಲಿಯೂ ನಮ್ಮ ಬೆನ್ನು ಬಿಡದಾದ. ನಾವು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು ಕೂಗುವನು. ನಡುರಾತ್ರಿ ಎದ್ದು ಕುಳಿತು ಅವ್ವ ಪಕ್ಕದಲ್ಲಿ ಇದ್ದಾಳೆಯೇ ಎಂದು ಕೈಯಾಡಿಸಿ ನೋಡುವನು. ಒಂದು ಸಂಜೆ ನಾವು ಎಂದಿನಂತೆ ಗುಡಿಗೆ ಹೊರಟು "ಈಗ ಬರ್ತೀನಿ" ಎಂದಾಗ, ಅವನು ನಮ್ಮ ಮುಖವನ್ನೇ ನೋಡುತ್ತ ನುಡಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: "ಮುತ್ಯಾ, ನೀ ಸುಳ್ಳ ಹೇಳ್ತಿ. ನೀರ ಕುಡ್ದ ಬರ್ತೀನಿ ಅಂದಿದ್ದಿ. ಬರಲೇ ಇಲ್ಲ."

ಎಪ್ಪತ್ತರ ಗಡಿ ದಾಟಿದ ನಮಗೆ ಆ ನಾಲ್ಕು ವರ್ಷದ ಕೂಸಿನೆದುರು ಉತ್ತರ ತೋಚಲಿಲ್ಲ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸುವ ನಾವೇ ಅವನ ಶಾಲೆಯ ಮೊದಲ ದಿನವನ್ನು ಸುಳ್ಳಿನಿಂದ ಆರಂಭಿಸಿದ್ದೆವು. ಕಣ್ಣು ತಪ್ಪಿಸಿ ಹೋದರೆ ಮಗು ಆ ಗಳಿಗೆಯಲ್ಲಿ ಅಳುವುದಿಲ್ಲ, ನಿಜ. ಆದರೆ ಅಂದಿನಿಂದ ಅದು ಯಾವ ಗಳಿಗೆಯಲ್ಲಿಯೂ ನಮ್ಮನ್ನು ನಂಬಿ ಆಟಕ್ಕೆ ಮನಸ್ಸು ಕೊಡುವುದಿಲ್ಲ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಮ್ಮವರು ಮಾಯವಾಗಬಹುದೆಂಬ ಪಾಠವನ್ನು ಅದು ಕಲಿತಿರುತ್ತದೆ.

ಅಂದು ರಾತ್ರಿ ಸೊಸೆ ಮೆಲ್ಲಗೆ ನುಡಿದಳು: "ಮಾವಾರ, ಅತ್ತರೂ ಅಡ್ಡಿಯಿಲ್ರಿ. ಹೇಳೇ ಬರೂಣು." ಮರುದಿನದಿಂದ ಹಾಗೆಯೇ ನಡೆದೆವು. ಬಾಗಿಲಲ್ಲಿ ಬಗ್ಗಿ ಅವನ ಕಣ್ಣಿನ ಮಟ್ಟಕ್ಕೆ ಬಂದು, ದಿನವೂ ಅವೇ ಮಾತುಗಳನ್ನು ಹೇಳಿದೆವು: "ಮುತ್ಯಾ ಈಗ ಹೋಗ್ತಾನ. ನೀ ಡಬ್ಬಿ ಉಣ್ಣು, ಮಲಕೊಂಡು ಏಳು, ಹಾಡ ಹಾಡು. ಹಾಡ ಮುಗಿಯೂದ್ರಾಗ ಮುತ್ಯಾ ಬಾಗಿಲದಾಗ ಇರ್ತಾನ." ನಾಲ್ಕು ಗಂಟೆ ಎಂಬ ಮಾತು ಅವನಿಗೆ ತಿಳಿಯದು. ಊಟ, ನಿದ್ದೆ, ಹಾಡು ಎಂಬ ಮೂರು ಮೆಟ್ಟಿಲುಗಳು ತಿಳಿಯುತ್ತವೆ. ಅವನು ಅತ್ತನು, ನಾವು ಅಳುವ ಮಗುವನ್ನು ಶಿಕ್ಷಕಿಯ ಕೈಗೆ ಒಪ್ಪಿಸಿ, ಹಿಂದೆ ಮುಂದೆ ನೋಡದೆ ಹೊರಟೆವು. ಸಂಜೆ ಹಾಡು ಮುಗಿಯುವ ಮೊದಲೇ ಬಾಗಿಲಲ್ಲಿ ನಿಂತೆವು. ಒಂದು ದಿನವೂ ತಡಮಾಡಲಿಲ್ಲ. ಹತ್ತು ದಿನಗಳಲ್ಲಿ ಅಳು ಬಾಗಿಲಿನವರೆಗೆ ಮಾತ್ರ ಉಳಿಯಿತು.

ಜೂನ್ ಕೊನೆಯ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಬಂದಿತು. ನಮ್ಮ ಮನೆಯವರು ಮೊಮ್ಮಕ್ಕಳನ್ನು ಕೂಡಿಸಿಕೊಂಡು ಎರೆಮಣ್ಣಿನಿಂದ ಎತ್ತುಗಳನ್ನು ಮಾಡಿದರು. ಹುಡುಗ ತಾನು ಮಾಡಿದ ಡೊಂಕುಕೊಂಬಿನ ಸಣ್ಣ ಎತ್ತೊಂದನ್ನು ಶಾಲೆಗೆ ಒಯ್ಯುವೆನೆಂದು ಹಟ ಹಿಡಿದ. ಶಿಕ್ಷಕಿ ಬೇಡವೆನ್ನಲಿಲ್ಲ; ತರಗತಿಯ ಕಿಟಕಿಯಲ್ಲಿ ಅದಕ್ಕೊಂದು ಜಾಗ ಕೊಟ್ಟರು. ಮರುದಿನ ಮುಂಜಾನೆ ಅವನು ತಾನಾಗಿಯೇ ಚೀಲ ಹಾಕಿಕೊಂಡು "ಎತ್ತ ಒಂದ ಅದ, ನೋಡಾಕ ಹೋಗ್ಬೇಕು" ಎಂದನು. ಮನೆಯ ಒಂದು ತುಣುಕು ಶಾಲೆಯಲ್ಲಿದೆ ಎಂಬ ಧೈರ್ಯವೇ ಅವನನ್ನು ಅಲ್ಲಿಗೆ ಕರೆದೊಯ್ದಿತು. ನಾವೆಲ್ಲರೂ ಸಂತೋಷಪಟ್ಟೆವು. ಮನೆಯ ಚಿಂತೆ ಕಳೆಯಿತೆಂದುಕೊಂಡೆವು.

ಇಷ್ಟೂ ದಿನ ಮೊಮ್ಮಗಳ ಕಡೆಗೆ ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ನೋಡುವ ಅಗತ್ಯವೇ ಇಲ್ಲವೆಂಬಂತೆ ಅವಳು ನಡೆದುಕೊಂಡಿದ್ದಳು. ಅಳಲಿಲ್ಲ, ಹಟ ಮಾಡಲಿಲ್ಲ, ತಾನೇ ಜಡೆಯ ರಿಬ್ಬನ್ ತಂದು ಕೊಡುತ್ತಿದ್ದಳು. "ಎಷ್ಟು ಶಾಣ್ಯಾ ಹುಡುಗಿ" ಎಂದು ಬಂದವರೆದುರು ಹೇಳಿ ನಾವು ಬೀಗಿದೆವು. ಅವಳ ಡಬ್ಬಿಯಲ್ಲಿ ಅರ್ಧ ಚಪಾತಿ ಹಾಗೆಯೇ ಮರಳಿ ಬರುತ್ತಿತ್ತು, ಹಸಿವಿಲ್ಲವೇನೋ ಎಂದುಕೊಂಡೆವು. ಸಂಜೆ ಮನೆಗೆ ಬಂದೊಡನೆ ಚೀಲ ಎಸೆದು ಬಚ್ಚಲಿಗೆ ಓಡುತ್ತಿದ್ದಳು. ಮಕ್ಕಳ ಗಡಿಬಿಡಿ ಎಂದುಕೊಂಡೆವು. ಜುಲೈ ಮೊದಲ ವಾರದಲ್ಲಿ ಅವಳಿಗೆ ಜ್ವರ ಬಂದಿತು. ಉಚ್ಚೆ ಹೊಯ್ಯುವಾಗ ಉರಿಯುತ್ತದೆಂದು ಅತ್ತಳು. ವೈದ್ಯರು ಮೂತ್ರ ಪರೀಕ್ಷೆ ಮಾಡಿಸಿ ಸೋಂಕಿದೆ ಎಂದರು. ಮಗು ಹಗಲೆಲ್ಲ ನೀರು ಕುಡಿಯುತ್ತದೆಯೇ, ಮೂತ್ರವನ್ನು ತಡೆಹಿಡಿಯುತ್ತದೆಯೇ ಎಂದು ಕೇಳಿದರು. ನಮಗೆ ಉತ್ತರ ಗೊತ್ತಿರಲಿಲ್ಲ.

ಉತ್ತರ ಹೇಳಿದವಳು ಅವಳೇ. ಆ ರಾತ್ರಿ ಅವಳ ಆಯಿಯ ಮಡಿಲಲ್ಲಿ ಮಲಗಿ ಹೇಳಿದಳು: "ಸೂಟಿ ಬಿಟ್ಟಾಗ ನಾ ಒಂದಕ್ಕ ಹ್ವಾದ್ರ, ತಮ್ಮ ಬಂದು ನೋಡ್ತಾನ. ನಾ ಇರಲಿಲ್ಲಂದ್ರ ಅಳ್ತಾನ. ಅದಕ್ಕ ನಾ ಹೋಗೂದಿಲ್ಲ." ಊಟದ ಹೊತ್ತಿನಲ್ಲಿ ತನ್ನ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ ತಮ್ಮನ ತರಗತಿಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳೆಂಬುದು ಶಿಕ್ಷಕಿಯನ್ನು ಕೇಳಿದಾಗ ತಿಳಿಯಿತು. ನೀರು ಕುಡಿದರೆ ಹೋಗಬೇಕಾದೀತೆಂದು ನೀರನ್ನೂ ಕುಡಿಯುತ್ತಿರಲಿಲ್ಲ. ತಮ್ಮನು ಅಳು ನಿಲ್ಲಿಸಿ ಎತ್ತಿನ ಗುಂಗಿನಲ್ಲಿ ಆಡತೊಡಗಿದ ಮೇಲೂ ಇವಳ ಕಾವಲು ನಿಂತಿರಲಿಲ್ಲ. ನಾವು ಮೊದಲ ದಿನ ಹೇಳಿದ ಮಾತನ್ನು ಅವಳು ಅಕ್ಷರಶಃ ಪಾಲಿಸುತ್ತಿದ್ದಳು. ನಾವಂತೂ ಹೇಳಿ ಮರೆತಿದ್ದೆವು.

ವಾಚಕರೇ, ಅಳುವ ಮಗುವಿನತ್ತ ಎಲ್ಲರೂ ಓಡುತ್ತಾರೆ. ಸುಮ್ಮನಿರುವ ಮಗುವನ್ನು ಸುಖವಾಗಿದೆ ಎಂದು ಭಾವಿಸುತ್ತೇವೆ. ಈ ತಪ್ಪು ನಮ್ಮೊಬ್ಬರದೇ ಅಲ್ಲ. ಇಂಗ್ಲೆಂಡಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜಸೇವಕರು 1952ರಲ್ಲಿ ಒಂದು ಚಿತ್ರವನ್ನು ತೋರಿಸಿದರು. ಎರಡು ವರ್ಷ ಐದು ತಿಂಗಳಿನ ಹೆಣ್ಣುಮಗುವೊಂದು 8 ದಿನ ಆಸ್ಪತ್ರೆಯಲ್ಲಿ ತಂದೆತಾಯಿಯಿಂದ ದೂರವಿದ್ದುದರ ಚಿತ್ರವದು. ಆ ಮಗು ಹೆಚ್ಚು ಅಳುತ್ತಿರಲಿಲ್ಲ, ಅಳುವನ್ನು ನುಂಗಿಕೊಳ್ಳುತ್ತಿತ್ತು. ತಾಯಿ ಬಂದಾಗ ಮುಖ ತಿರುಗಿಸುತ್ತಿತ್ತು. ಆವರೆಗೆ ಅಲ್ಲಿನ ಆಸ್ಪತ್ರೆಗಳು ಸುಮ್ಮನಾದ ಮಗುವನ್ನು ಹೊಂದಿಕೊಂಡ ಮಗುವೆಂದೇ ತಿಳಿದಿದ್ದವು. ಚಿತ್ರವನ್ನು ಕಂಡು ಕೆಲವು ವೈದ್ಯರು ಸಿಟ್ಟಾದರು. ಆದರೂ 1959ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ್ದ ಸಮಿತಿ, ಆಸ್ಪತ್ರೆಯಲ್ಲಿರುವ ಮಕ್ಕಳನ್ನು ಕಾಣಲು ತಂದೆತಾಯಿಗಳಿಗೆ ನಿರ್ಬಂಧ ಇರಕೂಡದೆಂದು ಶಿಫಾರಸು ಮಾಡಿತು. ಆಸ್ಪತ್ರೆ ಬೇರೆ, ಶಾಲೆ ಬೇರೆ, ನಿಜ. ಆದರೆ ಮೌನವನ್ನು ಸಮಾಧಾನವೆಂದು ಓದಬಾರದೆಂಬ ತಿಳಿವಳಿಕೆ ಎರಡು ಕಡೆಗೂ ಸಲ್ಲುತ್ತದೆ.

ಹಿರಿಯ ಮಗುವಿನ ಹೆಗಲ ಮೇಲೆ ಕಿರಿಯದನ್ನು ಹೊರಿಸುವುದು ನಮ್ಮ ನಾಡಿನ ಹಳೆಯ ರೂಢಿ. ಹೊಲದ ಕೆಲಸಕ್ಕೆ ಹೋಗುವ ತಾಯಿ ಸಣ್ಣ ಕೂಸನ್ನು ದೊಡ್ಡ ಮಗಳ ಸೊಂಟಕ್ಕೆ ಏರಿಸಿ ಹೋಗುತ್ತಿದ್ದಳು. ಆ ಮಗಳ ಶಾಲೆ ಅಲ್ಲಿಗೆ ಮುಗಿಯುತ್ತಿತ್ತು. ಈ ಕಷ್ಟವನ್ನು ಮನಗಂಡು ದಾರಿ ಹುಡುಕಿದವರು ಮಹಾರಾಷ್ಟ್ರದ ತಾರಾಬಾಯಿ ಮೋಡಕ್. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರೊಡನೆ ದುಡಿದ ಈ ತಾಯಿ, 1945ರಲ್ಲಿ ಬೋರ್ಡಿ ಎಂಬ ಹಳ್ಳಿಯಲ್ಲಿ ಶಿಶುಶಿಕ್ಷಣದ ಕೆಲಸ ಆರಂಭಿಸಿದರು. ಅನುತಾಯಿ ವಾಘ್ ಅವರ ಜೊತೆಗಾರ್ತಿ. ಬಡವರ ಮಕ್ಕಳು ಶಾಲೆಗೆ ಬರದಿದ್ದಾಗ, ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಮುಂದೆ ಕೋಸಬಾಡದಲ್ಲಿ ಕೂಸುಗಳ ಪಾಲನಾಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೆಡೆ ತಂದು ಅದಕ್ಕೆ ವಿಕಾಸವಾಡಿ ಎಂದು ಹೆಸರಿಟ್ಟರು. ಅಕ್ಕ ತಮ್ಮನನ್ನು ಎತ್ತಿಕೊಂಡೇ ಬರಲಿ. ಬಂದ ಮೇಲೆ ತಮ್ಮನನ್ನು ನೋಡಿಕೊಳ್ಳುವವರು ಬೇರೆಯವರು, ಅಕ್ಕ ತನ್ನ ತರಗತಿಯಲ್ಲಿ ಕುಳಿತು ಕಲಿಯಲಿ ಎಂಬುದು ಆ ಏರ್ಪಾಡಿನ ತಿರುಳು. ಅವರು ಅಕ್ಕಂದಿರ ಸೊಂಟದಿಂದ ಇಳಿಸಿದ ಭಾರವನ್ನು, ಎಲ್ಲ ಅನುಕೂಲಗಳಿರುವ ನಮ್ಮ ಮನೆಯಲ್ಲಿ ನಾವು ಒಂದೇ ಮಾತಿನಿಂದ ಮತ್ತೆ ಏರಿಸಿಬಿಟ್ಟಿದ್ದೆವು.

ಅಂಗನವಾಡಿ ಎಂಬ ಹೆಸರು ಇಂದು ನಮ್ಮ ಪ್ರತಿ ಹಳ್ಳಿಯ ಮಾತಾಗಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರ ಮೊದಲನೆಯದಾಯಿತು. ಇತ್ತೀಚೆಗೆ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿಯೂ ಎಲ್.ಕೆ.ಜಿ., ಯು.ಕೆ.ಜಿ. ತರಗತಿಗಳು ಬಂದಿವೆ, 2024ರಲ್ಲಿ ಬೆಂಗಳೂರಿನ 250 ಅಂಗನವಾಡಿಗಳಲ್ಲಿಯೂ ಅವುಗಳನ್ನು ತೆರೆಯಲಾಯಿತು. ತಂದೆತಾಯಿಗಳಿಬ್ಬರೂ ದುಡಿಯುವ ಇಂದಿನ ದಿನಗಳಲ್ಲಿ ಎಳೆಯರಿಗೆ ದಿನವಿಡೀ ಶಾಲೆ ಬೇಡವೆಂದು ನಾವು ಹೇಳಲಾರೆವು. ನಮ್ಮ ಸೊಸೆಯ ನೌಕರಿ ನಮ್ಮ ಮನೆಯ ಹೆಮ್ಮೆ. ಒಂದು ವರ್ಷ ಮುಂಚಿತವಾಗಿಯೇ ನೂಕುವ ಅವಸರ ಮಾತ್ರ ಬೇಡ. ರಾಜ್ಯದ ನಿಯಮದಂತೆ ಜೂನ್ 1ಕ್ಕೆ ಆರು ವರ್ಷ ತುಂಬಿದವರಿಗೆ ಒಂದನೆಯ ತರಗತಿ. 2025-26ರ ಸಾಲಿಗೆ ಮಾತ್ರ, ಯು.ಕೆ.ಜಿ. ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳೆಂದು ಸಡಿಲಿಸಲಾಗಿತ್ತು. ಈ ಲೆಕ್ಕದಲ್ಲಿ ಎಲ್.ಕೆ.ಜಿ.ಗೆ ನಾಲ್ಕು ವರ್ಷ ತುಂಬಿರಲೆಂದು ಕಾಯುವುದರಿಂದ ಮಗುವಿಗೆ ನಷ್ಟವೇನೂ ಇಲ್ಲ.

ಮರಳಿ ನಮ್ಮ ಮನೆಯ ಮಾತಿಗೆ ಬರೋಣ. ಜ್ವರ ಇಳಿದ ಮೇಲೆ ಮೊಮ್ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೇಳಿದೆವು: "ತಮ್ಮನ್ನ ನೋಡ್ಕೊಳ್ಳಾಕ ಟೀಚರ್ ಅದಾರವ್ವಾ. ಸಾಲ್ಯಾಗ ನೀ ನಿನ್ನ ಡಬ್ಬಿ ಉಣ್ಣು, ನಿನ್ನ ಗೆಳತ್ಯಾರ ಕೂಡ ಆಡು. ಅದ ನಿನ್ನ ಕೆಲಸ." ಅವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: "ಮತ್ತ ಅಕ್ಕನಾಗಮ್ಮ?"

ನಮ್ಮ ಗಂಟಲು ಕಟ್ಟಿತು. ಅಕ್ಕನಾಗಮ್ಮನವರು ದೊಡ್ಡವರಾಗಿದ್ದರು, ನೀನಿನ್ನೂ ಸಣ್ಣಾಕಿ ಎಂದು ಹೇಳಿದೆವು. ಮುತ್ಯಾ ನಿನಗೆ ಹೇಳಿದ್ದು ತಪ್ಪಾಯಿತು ಎಂದೂ ಹೇಳಿದೆವು. ಅವಳು ಸುಮ್ಮನೆ ನಮ್ಮ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಶಾಲೆ ಶುರುವಾದ ಮೇಲೆ ಹಗಲಿನಲ್ಲಿ ಅವಳು ಹಾಗೆ ಮಲಗಿದ್ದು ಅದೇ ಮೊದಲು. ಮರುದಿನ ಸೊಸೆ ರಜೆ ಹಾಕಿ ಶಾಲೆಗೆ ಹೋಗಿ ಇಬ್ಬರ ಶಿಕ್ಷಕಿಯರನ್ನೂ ಕಂಡಳು. ಊಟದ ಮೊದಲು ಮತ್ತು ನಿದ್ದೆಯ ನಂತರ ಎಲ್ಲ ಮಕ್ಕಳನ್ನೂ ಸಾಲಾಗಿ ಶೌಚಾಲಯಕ್ಕೆ ಕರೆದೊಯ್ಯುವುದೆಂದೂ, ಅಕ್ಕ ತಮ್ಮನ ಬಾಗಿಲಿಗೆ ಬಂದರೆ ಗದರಿಸದೆ, "ತಮ್ಮ ಆಡ್ಲಿಕತ್ಯಾನ ನೋಡು" ಎಂದು ತೋರಿಸಿ ಕಳುಹುವುದೆಂದೂ ಮಾತಾಯಿತು. ನಾಲ್ಕು ದಿನ ಬಂದಳಂತೆ. ಐದನೆಯ ದಿನ ಬರಲಿಲ್ಲ.

ಈ ಅನುಭವದಿಂದ ನಾವು ಕಲಿತ ಕೆಲವು ಮಾತುಗಳನ್ನು ತಾಯಂದಿರ, ಅದರಲ್ಲಿಯೂ ನಮ್ಮಂಥ ಅಜ್ಜ ಅಜ್ಜಿಯರ ಉಪಯೋಗಕ್ಕೆಂದು ಇಲ್ಲಿ ಬರೆಯುತ್ತೇವೆ.

ಶಾಲೆ ಆರಂಭವಾಗುವ ಮೊದಲೇ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಅವರು ಕೂಡುವ ಕೋಣೆ, ಕುಡಿಯುವ ನೀರು, ಶೌಚಾಲಯ ಇವನ್ನು ಕಣ್ಣಾರೆ ಕಾಣಲಿ. ಡಬ್ಬಿಯ ಮುಚ್ಚಳವನ್ನು ತಾವೇ ತೆರೆಯುವುದನ್ನೂ, ಚಡ್ಡಿಯ ಗುಂಡಿ ಬಿಚ್ಚಿ ಹಾಕುವುದನ್ನೂ, "ಟೀಚರ್, ಒಂದಕ್ಕ ಹೋಗ್ತೀನ್ರಿ" ಎಂದು ಬಾಯಿಬಿಟ್ಟು ಕೇಳುವುದನ್ನೂ ಮನೆಯಲ್ಲಿಯೇ ರೂಢಿ ಮಾಡಿಸಿರಿ. ಅಕ್ಷರಗಳನ್ನು ಶಾಲೆ ಕಲಿಸುತ್ತದೆ. ಈ ಮೂರನ್ನು ಮನೆಯೇ ಕಲಿಸಬೇಕು.

ಬಿಟ್ಟು ಬರುವಾಗ ಹೇಳಿಯೇ ಬನ್ನಿರಿ. ಚಿಕ್ಕ ಮಾತು, ನಿಜವಾದ ಮಾತು, ದಿನವೂ ಅದೇ ಮಾತು ಇರಲಿ. ಬರುತ್ತೇವೆಂದ ಹೊತ್ತಿಗೆ ಬಂದೇ ತೀರಬೇಕು.

ಇಬ್ಬರಿದ್ದರೆ ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿರಿ. "ತಮ್ಮ ಅತ್ತನೇನು?" ಎಂದು ಅಕ್ಕನನ್ನು ಕೇಳಬೇಡಿರಿ. ಆ ಒಂದು ಪ್ರಶ್ನೆಯಿಂದಲೇ ಅವಳು ಮರುದಿನದ ಕಾವಲಿಗೆ ನೇಮಕವಾಗುತ್ತಾಳೆ. "ಇವತ್ತ ನೀ ಏನ ಆಡಿದಿ?" ಎಂದು ಅವಳದೇ ಸುದ್ದಿಯನ್ನು ಕೇಳಿರಿ. ಒಬ್ಬರನ್ನು ತೋರಿಸಿ ಇನ್ನೊಬ್ಬರನ್ನು ಹಂಗಿಸುವುದಂತೂ ಸಲ್ಲದು.

ಸಂಜೆ ಮನೆಗೆ ಬಂದ ಮಗು ಸಣ್ಣ ಮಾತಿಗೆ ರಂಪ ಮಾಡಿದರೆ ಗಾಬರಿಯಾಗಬೇಡಿರಿ. ದಿನವಿಡೀ ಬಿಗಿಹಿಡಿದ ಮನಸ್ಸು ತನ್ನವರನ್ನು ಕಂಡಾಗ ಸಡಿಲಾಗುತ್ತದೆ. ಆಗ ಪ್ರಶ್ನೆಗಳ ಸುರಿಮಳೆ ಬೇಡ. ಕೈಕಾಲು ತೊಳೆಸಿ, ಒಂದು ಶೇಂಗಾ ಉಂಡಿಯನ್ನೋ ಬಟ್ಟಲು ಚುರುಮುರಿಯನ್ನೋ ಕೊಟ್ಟು, ಅರ್ಧ ತಾಸು ಸುಮ್ಮನೆ ಬಿಡಿರಿ. ರಾತ್ರಿ ಟಿ.ವಿ., ಮೊಬೈಲ್ ದೂರವಿಟ್ಟು ಬೇಗನೆ ಮಲಗಿಸಿರಿ.

ಕೊನೆಯದಾಗಿ, ಒಮ್ಮೆ ನಿಂತ ಅಳು ಮತ್ತೆ ಬರಬಹುದು. ನಾಗರ ಪಂಚಮಿಯ ಜೋಕಾಲಿ ಆಡಿ, ಶ್ರಾವಣದ ಬಸವೇಶ್ವರ ಜಾತ್ರೆ ಮುಗಿಸಿ ಶಾಲೆಗೆ ಹೊರಟ ದಿನ ನಮ್ಮ ಹುಡುಗ ಮತ್ತೆ ಧೋತರದ ಚುಂಗು ಹಿಡಿದನು. ನಾವು ಮತ್ತೆ ಬಗ್ಗಿ ಅದೇ ಮಾತುಗಳನ್ನು ಹೇಳಿದೆವು: ಡಬ್ಬಿ, ನಿದ್ದೆ, ಹಾಡು. ಅವನು ಕಣ್ಣೊರೆಸಿಕೊಂಡು ಕಿಟಕಿಯಲ್ಲಿದ್ದ ಎತ್ತನ್ನು ನೋಡಲು ಹೋದನು. ಬಿಸಿಲಿಗೆ ಒಣಗಿ ಅದರ ಒಂದು ಕೊಂಬು ಮುರಿದುಬಿದ್ದಿತ್ತು. ಅವನು ಅದನ್ನು ಕೈಯಲ್ಲಿ ಹಿಡಿದು ಗೆಳೆಯನಿಗೆ ತೋರಿಸುತ್ತಿದ್ದನು.

ಪಕ್ಕದ ತರಗತಿಯಲ್ಲಿ ಮೊಮ್ಮಗಳು ಗೆಳತಿಯರ ನಡುವೆ ಕುಳಿತಿದ್ದಳು. ನಾವು ಬಾಗಿಲಲ್ಲಿ ನಿಂತುದನ್ನು ಅವಳು ಗಮನಿಸಲೇ ಇಲ್ಲ. ನಾವೂ ಕರೆಯದೆ ಮರಳಿದೆವು. ಮುಂಜಾನೆ ಮನೆಯಿಂದ ಹೊರಡುವಾಗಲೇ ಅವಳಿಗೆ ಹೋಗಿ ಬರುತ್ತೇನೆಂದು ಹೇಳಿದ್ದೆವು. ಸಂಜೆ ನಾಲ್ಕಕ್ಕೆ ಬರುವುದಿತ್ತು.